ಗಾಡಿ ಹೊರಡುವ ಮುನ್ನ

ಅಮೆರಿಕದಲ್ಲಿ ಅಡಿಗೆಮನೆ, ಹಾಸಿಗೆ ಎಲ್ಲವನ್ನೂ ಮೋಟಾರಿನೊಳಗೇ ಕಟ್ಟಿಕೊಂಡು ಸಂಸಾರ ಸಮೇತ ಬಯಲು, ಬೆಟ್ಟ ಸುತ್ತುತ್ತಾರಂತೆ. ನಮಗೇನು ಇದು ಹೊಸತೇ? ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಎತ್ತಿನ ಗಾಡಿಯಲ್ಲಿ ಬುತ್ತಿ, ಕಂಬಳಿ, ಮಕ್ಕಳು ಮರಿ ತುಂಬಿಕೊಂಡು ಬರುವವರು ನಮ್ಮವರೇ ಅಲ್ಲವೇ!

ಈ ಚಳಿಗಾಲದಲ್ಲಿ ನೀವೂ ಒಂದು ಬಾಡಿಗೆ ಗಾಡಿ ಗೊತ್ತುಮಾಡಿ, ನಾಲ್ಕು ದಿನ ಹೊರಟುಬಿಡಿ. ಮಳೆಗಾಲ ಮಾತ್ರ ಬೇಡ. 2019 ಮತ್ತು 2021ರಲ್ಲಿ ಕೃಷ್ಣೆ ಉಕ್ಕಿ ಬಂದದ್ದು ನೆನಪಿದೆಯಷ್ಟೆ. ಚಳಿಗಾಲದಲ್ಲಿ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಕತ್ತಲಾಗುವ ಮೊದಲೇ ಊರು ಸೇರಿಕೊಳ್ಳಿ.

ಮೊದಲ ದಿನ ಚಿಂಚಲಿಯಲ್ಲಿ ಮಾಯಕ್ಕನಿಗೆ ಕಾಯಿ ಒಡೆಸಿ, ಕುಡಚಿಯ ಬಳಿ ಕೃಷ್ಣೆ ದಾಟಿ ಅಥಣಿಗೆ. ಗಚ್ಚಿನಮಠ ನೋಡಿ, ಚಪ್ಪಲಿ ಕೊಳ್ಳಿ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ನಮ್ಮ ಬೆಳಗಾವಿ ಜಿಲ್ಲೆಯೂ ಸೇರಿದೆ.

ಎರಡನೆಯ ದಿನ ಕಾಗವಾಡದ ಮೇಲೆ ಹಾಯ್ದು, ಗಡಿಯಾಚೆಯ ಖಿದ್ರಾಪುರ. ಕೋಪೇಶ್ವರ ಗುಡಿಯ ಸ್ವರ್ಗಮಂಟಪಕ್ಕೆ ನಡುವೆ ಆಕಾಶವೇ ಮಾಡು. ಇಲ್ಲಿ ಶಿವನ ಮುಂದೆ ನಂದಿಯಿಲ್ಲ. ಸತಿಯನ್ನು ತವರಿಗೆ ಕರೆದೊಯ್ದ ನಂದಿ ಯಡೂರಿನಲ್ಲೇ ಉಳಿದನೆಂದು ಜನ ಹೇಳುತ್ತಾರೆ. ಹಾಗಾಗಿ ಯಡೂರಿಗೂ ಹೋಗಿ, ಮಕ್ಕಳಿಗೆ ಕಥೆ ಪೂರ್ತಿಯಾಗಲಿ. ಚಿಕ್ಕೋಡಿ ದಾಟಿ ನಿಪ್ಪಾಣಿಯಲ್ಲಿ ವಸತಿ.

ಮೂರನೆಯ ದಿನ ದೇವಗಡದ ರಸ್ತೆ ಹಿಡಿದರೆ ಕಬ್ಬು, ತಂಬಾಕಿನ ಬಯಲು ಹಿಂದೆ ಸರಿದು ಸಹ್ಯಾದ್ರಿ ಎದುರಾಗುತ್ತದೆ. ಶಾಹೂ ಮಹಾರಾಜರ ಕಾಲದಲ್ಲಿ ಕೆಲಸ ಶುರುವಾದ ರಾಧಾನಗರಿ ಅಣೆಕಟ್ಟು, ಆಮೇಲೆ ಕಾಡುಕೋಣಗಳ ದಾಜೀಪುರ. ಈ ಅಭಯಾರಣ್ಯ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಒಳಗೆ ಹೋಗಲು ಅರಣ್ಯ ಇಲಾಖೆಯ ಪರವಾನಗಿ ಬೇಕು, ಮೊದಲೇ ವಿಚಾರಿಸಿಕೊಳ್ಳಿ. ನಾಲ್ಕನೆಯ ದಿನ ಮನೆಗೆ.

ಇನ್ನು ಮುಖ್ಯ ಮಾತು. ಹಿಂದೊಮ್ಮೆ ಇದೇ ಕಾಡಿಗೆ ಹೋದಾಗ ಸ್ಟೋವು, ಕುಕ್ಕರು, ಮಸಾಲೆ ಡಬ್ಬಿ ಎಲ್ಲ ಹೊತ್ತೊಯ್ದಿದ್ದೆ. ಮನೆಮಂದಿ ಕೋಣ ನೋಡಲು ಹೋದರು. ನಾನು ಇಳಿದುಕೊಂಡ ಕಡೆಯೇ ಕುಕ್ಕರಿನ ಸೀಟಿ ಎಣಿಸುತ್ತ ಕೂತೆ. “ನೀನೂ ಬರಬೇಕಾಗಿತ್ತವ್ವಾ, ಎಷ್ಟ ದೊಡ್ಡದಿತ್ತು!” ಎಂದಳು ಮಗಳು. ಅನ್ನ ಬಡಿಸುತ್ತ “ಹೌದನ?” ಎಂದೆ, ಅಷ್ಟೇ.

ಆದ್ದರಿಂದ ಸ್ಟೋವು ಮನೆಯಲ್ಲೇ ಇರಲಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ, ಶೇಂಗಾ ಹೋಳಿಗೆ ನಾಲ್ಕು ದಿನ ಕೆಡುವುದಿಲ್ಲ. ಬಿಸಿ ಊಟಕ್ಕೆ ಊರೂರಿಗೆ ಖಾನಾವಳಿಗಳಿವೆ. ರೊಟ್ಟಿ ಬಡಿಯುವುದು ನಿಮ್ಮ ಪಾಲಾದರೆ, ಕಟ್ಟಿ ಇಡುವುದು, ನೀರು ತುಂಬುವುದು, ತಾಟು ತೊಳೆಯುವುದು ಉಳಿದವರ ಪಾಲು. ಹೊರಡುವ ಮೊದಲೇ ಹಂಚಿಬಿಡಿ. ಮತ್ತೆ, ಕಿಟಕಿ ಬದಿಯ ಒಂದು ಸೀಟು ನಿಮಗೇ ಅಂತ ಈಗಲೇ ಹೇಳಿಡ್ರಿ!