ಮರದ ಉಸಿರು
ಮರದ ಪ್ಯಾಡಲ್‌ಬೋರ್ಡ್ ಮಾಡಿದ್ದು ನಾವು ನಾಲ್ವರು. ಉಳಿಸಿದ ದುಡ್ಡೆಲ್ಲಾ ಕಾರ್ಬನ್ ಫೈಬರ್ ಬಟ್ಟೆಗೇ ಹೋಯ್ತು. ಬೆಳಿಗ್ಗೆ ಎಂಟಕ್ಕೆ ಬೋರ್ಡಿನ ಅಡಿಭಾಗಕ್ಕೆ ಬಟ್ಟೆ ಹಾಸಿ, ಎಪಾಕ್ಸಿ ಸುರಿದು ಎಳೆದೆವು. ಕನ್ನಡಿ ಥರ ಹೊಳೀತಿತ್ತು. ಬಿಸಿಲೇರಿದ ಹಾಗೆ ಗುಳ್ಳೆಗಳು ಎದ್ದವು. ಮಗ್‌ನಲ್ಲಿ ಉಳಿದಿದ್ದ ಎಪಾಕ್ಸಿ ಹೊಗೆಯಾಡಿ ಕಲ್ಲಾಯ್ತು.

ಹಲಗೆ ಸೀಳಿಕೊಟ್ಟಿದ್ದ ಆಚಾರ್ರು ನೋಡಿ, "ಮರ ಉಸಿರಾಡ್ತದೆ ಮಕ್ಳೇ, ನಿಮ್ಮ ಪುಸ್ತಕದಲ್ಲಿ ಇಲ್ವಾ?" ಅಂದ್ರು.

ಇತ್ತು. ಬಿಸಿಯಾದರೆ ಗಾಳಿ ಹಿಗ್ಗುತ್ತದೆ ಅಂತ ಬರೆದು ಮಾರ್ಕ್ಸ್ ತಗೊಂಡವರು ನಾವೇ. ಮರದ ರಂಧ್ರದೊಳಗೂ ಗಾಳಿಯಿದೆ ಅನ್ನೋದು ಹೊಳೆದಿರಲಿಲ್ಲ.

ಗುಳ್ಳೆ ಉಜ್ಜಿ ತೇಪೆ ಹಾಕಿದೆವು. ಮೇಲ್ಭಾಗಕ್ಕೆ ಕಾರ್ಬನ್ ಕೊಳ್ಳಲು ದುಡ್ಡಿರಲಿಲ್ಲ. ತೆಳು ಗ್ಲಾಸ್ ಬಟ್ಟೆ ತಂದು, ಸಂಜೆ ಮರ ತಣಿಯುವ ಹೊತ್ತಿಗೆ ಹಾಕಿದೆವು. ಒಂದೂ ಗುಳ್ಳೆಯಿಲ್ಲ. ಬಟ್ಟೆ ಮಾಯವಾಗಿ ಮರದ ಗೆರೆಗಳೆಲ್ಲಾ ಕಾಣಿಸಿದವು.

ಆಚಾರ್ರು ಅದರ ಮೇಲೆ ಕೈಯಾಡಿಸಿದ್ರು, ಏನೂ ಹೇಳಲಿಲ್ಲ. ಅಡಿಭಾಗದ ತೇಪೆಗಳನ್ನು ಶಾಂಭವಿ ಹೊಳೆಯ ಮೀನುಗಳು ಮಾತ್ರ ನೋಡ್ತವೆ.