ಉಬ್ಬರವಿಳಿತದ ನಾಡು

ಕೆನಡಾ ದೇಶದ ಪೂರ್ವದಂಚಿನಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಮೈಚಾಚಿ ಮಲಗಿರುವ ಪ್ರಾಂತ ನೋವಾ ಸ್ಕೋಷಿಯಾ. ಅದರ ಉತ್ತರದ ಮಗ್ಗುಲಲ್ಲಿರುವ ಮೈನಾಸ್ ಕೊಲ್ಲಿಯ ದಂಡೆಗೆ ಬಂದು ನಿಂತ ಪ್ರವಾಸಿ ಮೊದಲು ತನ್ನ ಕಣ್ಣನ್ನೇ ನಂಬಲಾರ. ಬೆಳಗ್ಗೆ ದಕ್ಕೆಯ ಮಗ್ಗುಲಲ್ಲಿ ತೇಲುತ್ತಿದ್ದ ಮೀನುದೋಣಿ, ಆರು ಗಂಟೆ ಕಳೆಯುವಷ್ಟರಲ್ಲಿ ಕೆಂಪು ಕೆಸರಿನ ಮೇಲೆ ಕುಳಿತಿರುತ್ತದೆ. ಸಮುದ್ರವೆಂಬುದು ದೂರದಲ್ಲೊಂದು ಬೆಳ್ಳಿಯ ಗೆರೆ ಮಾತ್ರ. ಮತ್ತೆ ಆರು ಗಂಟೆಗೆ ಆ ಗೆರೆ ಮರಳಿ ಬಂದು ದೋಣಿಯನ್ನು ಎತ್ತಿ ನಿಲ್ಲಿಸುತ್ತದೆ. ಹ್ಯಾಂಟ್ಸ್ ಜಿಲ್ಲೆಯ ಬರ್ನ್‌ಕೋಟ್ ಹೆಡ್ ಎಂಬಲ್ಲಿ ನೀರು ಸುಮಾರು 16 ಮೀಟರುಗಳಷ್ಟು ಏರಿ ಇಳಿಯುವುದುಂಟು. ಜಗತ್ತಿನಲ್ಲಿ ಇದಕ್ಕಿಂತ ಎತ್ತರದ ಉಬ್ಬರವಿಲ್ಲವೆಂದು ಹೇಳುತ್ತಾರೆ.

ಇದರ ಕಾರಣ ಸರಳವಾಗಿದೆ. ಮೈನಾಸ್ ಸೇರುವ ಫಂಡಿ ಕೊಲ್ಲಿ ಆಲಿಕೆಯಂತೆ ಒಳಗೊಳಗೆ ಕಿರಿದಾಗುತ್ತ, ಆಳ ಕಡಿಮೆಯಾಗುತ್ತ ಬರುತ್ತದೆ. ಅಲ್ಲದೆ, ಅದರೊಳಗಿನ ನೀರು ಒಮ್ಮೆ ಹೋಗಿ ಬರಲು ಬೇಕಾಗುವ ಕಾಲವೂ ಸಾಗರದ ಉಬ್ಬರದ ಕಾಲವೂ ಹೆಚ್ಚುಕಡಿಮೆ ಒಂದೇ. ಉಯ್ಯಾಲೆ ಹಿಂದಕ್ಕೆ ಬಂದ ಗಳಿಗೆಗೆ ಸರಿಯಾಗಿ ನೂಕಿದರೆ ಅದು ಮೇಲೆಮೇಲಕ್ಕೆ ಜೀಕುವುದಲ್ಲವೆ? ಇಲ್ಲಿ ಸಾಗರವೇ ಹಾಗೆ ನೂಕುತ್ತಿದೆ.

ಇಂಥ ಸಮುದ್ರದಿಂದ ನೆಲವನ್ನು ಬಿಡಿಸಿಕೊಂಡವರು ಅಕೇಡಿಯನ್ನರೆಂಬ ಫ್ರೆಂಚ್ ರೈತರು. 1680ರ ದಶಕದಲ್ಲಿ ಗ್ರಾಂಪ್ರೆಗೆ, ಎಂದರೆ 'ದೊಡ್ಡ ಹುಲ್ಲುಗಾವಲಿ'ಗೆ, ಬಂದು ನೆಲಸಿದ ಅವರು ಮಣ್ಣಿನ ಒಡ್ಡುಗಳನ್ನು ಕಟ್ಟಿ, ಅವುಗಳ ಬುಡದಲ್ಲಿ ಮರದ ತೂಬುಗಳನ್ನಿಟ್ಟರು. ತೂಬಿನೊಳಗೆ ಒಂದು ಕೀಲುಬಾಗಿಲು. ಸಮುದ್ರ ಇಳಿದಾಗ ಗದ್ದೆಯ ಮಳೆನೀರು ಅದನ್ನು ತಳ್ಳಿಕೊಂಡು ಹೊರಹೋಗುವುದು. ಸಮುದ್ರ ಏರಿದಾಗ ಉಪ್ಪುನೀರು ಅದೇ ಬಾಗಿಲನ್ನು ಒತ್ತಿ ತಾನೇ ಮುಚ್ಚಿಬಿಡುವುದು. ಎರಡು ಮೂರು ವರುಷಗಳ ಮಳೆಗೆ ಉಪ್ಪು ತೊಳೆದುಹೋಗಿ ನೆಲ ಗೋಧಿಗೆ ಹದವಾಗುತ್ತಿತ್ತು. ಉತ್ತರ ಕನ್ನಡದ ಗಜನಿ ಗದ್ದೆಗಳನ್ನು ಕಂಡವರಿಗೆ ಈ ಜಾಣ್ಮೆ ಅಪರಿಚಿತವೇನಲ್ಲ.

ಆದರೆ ಒಡ್ಡು ಸಮುದ್ರವನ್ನು ತಡೆದೀತು, ಸಾಮ್ರಾಜ್ಯಗಳನ್ನು ತಡೆಯದು. 1713ರಲ್ಲಿ ಈ ನಾಡು ಬ್ರಿಟಿಷರ ಕೈಸೇರಿತು. ದೊರೆಗೆ ನಿಷ್ಠರಾಗಿರುವೆವು, ಆದರೆ ಫ್ರೆಂಚರ ಮೇಲೆ ಆಯುಧ ಹಿಡಿಯಲಾರೆವು ಎಂಬುದು ಅಕೇಡಿಯನ್ನರ ನಿಲುವು. 1755ರ ಬೇಸಗೆಯಲ್ಲಿ, ಯಾವ ಷರತ್ತೂ ಇಲ್ಲದ ಪ್ರಮಾಣವಚನ ಬೇಕೆಂದು ಗವರ್ನರ್ ಲಾರೆನ್ಸನ ಮಂಡಲಿ ಕೇಳಿತು. ಅವರ ಪ್ರತಿನಿಧಿಗಳು ಒಲ್ಲೆವೆಂದರು. ಮನಸ್ಸು ಬದಲಿಸಿ ಒಪ್ಪಲು ಬಂದಾಗ ಕಾಲ ಮೀರಿತೆಂಬ ಉತ್ತರ ದೊರೆಯಿತು. ಸೆಪ್ಟೆಂಬರ್ 5ರಂದು ಗ್ರಾಂಪ್ರೆಯ ಚರ್ಚಿನಲ್ಲಿ ನೆರೆದ 418 ಗಂಡಸರು ಮತ್ತು ಹುಡುಗರಿಗೆ ಗಡೀಪಾರಿನ ಆಜ್ಞೆಯನ್ನು ಓದಲಾಯಿತು. ಮೈನಾಸ್ ಪ್ರದೇಶದಿಂದ ಸುಮಾರು 2,200 ಮಂದಿ ಹಡಗು ಹತ್ತಿದರು. 1760ರಲ್ಲಿ ಅವರ ಹೊಲಗಳಿಗೆ ನ್ಯೂ ಇಂಗ್ಲೆಂಡಿನಿಂದ ಹೊಸ ಒಕ್ಕಲುಗಳು ಬಂದವು. ಇಂದು ಅಲ್ಲಿ 1922ರ ಸ್ಮಾರಕ ಚರ್ಚು, ಲಾಂಗ್‌ಫೆಲೊ ಕವಿಯ ಕಥಾನಾಯಕಿ ಎವಾಂಜೆಲಿನಳ ಪ್ರತಿಮೆ, ಹಳೆಯ ವಿಲೋ ಮರಗಳು ಇವೆ. 2012ರಲ್ಲಿ ಯುನೆಸ್ಕೋ ಈ ಭೂಮಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದೇ ಗ್ರಾಂಪ್ರೆಯಲ್ಲಿ 1854ರಲ್ಲಿ ಹುಟ್ಟಿದವರು ರಾಬರ್ಟ್ ಬೋರ್ಡನ್. ಕನ್ಸರ್ವೇಟಿವ್ ಪಕ್ಷದ ಪ್ರಧಾನಿಯಾಗಿ ಅವರು 1917ರಲ್ಲಿ ಕಡ್ಡಾಯ ಸೈನ್ಯಸೇವೆಯನ್ನು ತಂದಾಗ, ಲಿಬರಲ್ ಪಕ್ಷದ ಹಲವರು ತಮ್ಮ ಹಿರಿಯ ನಾಯಕ ಲೋರಿಯೆಯವರನ್ನು ಬಿಟ್ಟು ಬೋರ್ಡನ್ನರ ಸಂಯುಕ್ತ ಸರಕಾರವನ್ನು ಸೇರಿದರು. ಪಕ್ಷ ಬಿಡುವ ಪ್ರಶ್ನೆ ಈ ಸೇಬಿನ ಕಣಿವೆಗೆ ಹಾಗೆ ಹಳೆಯದು. 2003ರಲ್ಲಿ ಅದು ಮತ್ತೊಮ್ಮೆ ಬಾಗಿಲು ತಟ್ಟಿತು.

ಬೋರ್ಡನ್ನರ ಪಕ್ಷವೇ ಮುಂದೆ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಎಂಬ ಹೆಸರು ತಳೆದಿತ್ತು. 1993ರ ಚುನಾವಣೆಯಲ್ಲಿ ಆಳುವ ಪಕ್ಷವಾಗಿದ್ದ ಅದು ಕೇವಲ 2 ಸ್ಥಾನಗಳಿಗೆ ಕುಸಿಯಿತು. ಪಶ್ಚಿಮದ ಪ್ರಾಂತಗಳಲ್ಲಿ ರಿಫಾರ್ಮ್ ಪಕ್ಷ, 2000ದಿಂದ ಅದರ ಸ್ಥಾನದಲ್ಲಿ ಬಂದ ಕೆನೇಡಿಯನ್ ಅಲಯನ್ಸ್, ಬಲಪಂಥದ ಮತಗಳನ್ನು ಸೆಳೆದವು. ಮತ ಒಡೆದಷ್ಟು ಕಾಲವೂ ಲಿಬರಲರಿಗೆ ಗೆಲುವು. 2003ರ ಮೇ ತಿಂಗಳಲ್ಲಿ ಹಳೆಯ ಪಕ್ಷದ ನಾಯಕರಾದ ಪೀಟರ್ ಮೆಕೇ, ಅಲಯನ್ಸ್ ಜೊತೆ ವಿಲೀನವಿಲ್ಲವೆಂದು ಸ್ಪರ್ಧಿ ಡೇವಿಡ್ ಆರ್ಚರ್ಡ್‌ರಿಗೆ ಬರವಣಿಗೆಯಲ್ಲಿ ಮಾತು ಕೊಟ್ಟಿದ್ದರು. ಅಕ್ಟೋಬರಿನಲ್ಲಿ ಅವರೇ ಅಲಯನ್ಸಿನ ಸ್ಟೀಫನ್ ಹಾರ್ಪರ್ ಅವರೊಡನೆ ವಿಲೀನದ ಒಪ್ಪಂದ ಮಾಡಿಕೊಂಡರು. ಡಿಸೆಂಬರ್ 6ರಂದು ಪಕ್ಷದ ಪ್ರತಿನಿಧಿಗಳಲ್ಲಿ ನೂರಕ್ಕೆ 90 ಮಂದಿ ಅದನ್ನು ಅನುಮೋದಿಸಿದರು.

ಒಪ್ಪದವರ ಮುಂದೆ ಯಾವ ದಾರಿಗಳಿದ್ದವು? ನಮ್ಮಲ್ಲಿರುವಂಥ ಪಕ್ಷಾಂತರ ನಿಷೇಧ ಶಾಸನ ಕೆನಡಾದಲ್ಲಿ ಇಲ್ಲ. ಪಕ್ಷ ಬಿಟ್ಟವನ ಪೀಠ ಹೋಗುವುದಿಲ್ಲ. ಹಾಗಾಗಿ ನಿರ್ಧಾರದ ಭಾರವೆಲ್ಲ ಅವನ ಅಂತಃಸಾಕ್ಷಿಯ ಮೇಲೆಯೇ ಬೀಳುತ್ತದೆ. 1979ರಲ್ಲಿ ಪ್ರಧಾನಿಯಾಗಿದ್ದ ಜೋ ಕ್ಲಾರ್ಕ್ ಹೊಸ ಪಕ್ಷಕ್ಕೆ ಹೋಗಲಿಲ್ಲ, ಎದುರು ಸಾಲಿಗೂ ದಾಟಲಿಲ್ಲ. ಇಲ್ಲದಂತಾದ ಪಕ್ಷದ ಹೆಸರಿನಲ್ಲೇ ಅವಧಿ ಮುಗಿಯುವವರೆಗೆ ಕುಳಿತು 2004ರಲ್ಲಿ ನಿವೃತ್ತರಾದರು. ಕ್ವಿಬೆಕಿನ ಆಂದ್ರೆ ಬಾಶಾಂ ಅವರದೂ ಅದೇ ಹಾದಿ. ಫಂಡಿ ಕ್ಷೇತ್ರದ ಜಾನ್ ಹೆರನ್ ಅವರೂ ಹಾಗೆಯೇ ಕುಳಿತಿದ್ದು, ಬಳಿಕ ಲಿಬರಲ್ ಅಭ್ಯರ್ಥಿಯಾಗಿ ನಿಂತು ಸೋತರು. ಚುನಾವಣೆಯ ಗೊಡವೆಯಿಲ್ಲದ ಸೆನೆಟಿನಲ್ಲಿ ಲೋವೆಲ್ ಮರ್ರೆ ಅವರು 2011ರಲ್ಲಿ ನಿವೃತ್ತರಾಗುವವರೆಗೂ ಹಳೆಯ ಹೆಸರನ್ನೇ ಉಳಿಸಿಕೊಂಡರು.

ಮೈನಾಸ್ ದಂಡೆಯ ಕಿಂಗ್ಸ್-ಹ್ಯಾಂಟ್ಸ್ ಕ್ಷೇತ್ರದ ಸದಸ್ಯ ಸ್ಕಾಟ್ ಬ್ರೈಸನ್ ಅವರ ದಾರಿ ಬೇರೆ. ಮೊದಲು ವಿಲೀನವನ್ನು ಬೆಂಬಲಿಸಿದ್ದ ಅವರು, ಅನುಮೋದನೆಯಾದ ನಾಲ್ಕೇ ದಿನಕ್ಕೆ, ಡಿಸೆಂಬರ್ 10ರಂದು, ಲಿಬರಲ್ ಪಕ್ಷ ಸೇರಿದರು. ಸಲಿಂಗಾನುರಾಗಿಯೆಂದು ಬಹಿರಂಗವಾಗಿ ಹೇಳಿಕೊಂಡಿದ್ದ ಅವರಿಗೆ ಹೊಸ ಪಕ್ಷದ ಸಾಮಾಜಿಕ ಧೋರಣೆ ಒಗ್ಗುವಂತಿರಲಿಲ್ಲ. ವಿಶೇಷವೆಂದರೆ, 2000ದಲ್ಲಿ ತಮ್ಮ ನಾಯಕ ಕ್ಲಾರ್ಕ್ ಲೋಕಸಭೆಗೆ ಬರಲೆಂದು ಇದೇ ಪೀಠಕ್ಕೆ ರಾಜೀನಾಮೆಯಿತ್ತವರು ಬ್ರೈಸನ್! ಕ್ಲಾರ್ಕ್ ಕೆಲವು ವಾರ ಈ ಕ್ಷೇತ್ರದ ಪ್ರತಿನಿಧಿಯಾಗಿದ್ದರು. ನಾಯಕನಿಗಾಗಿ ಪೀಠ ತೆರವು ಮಾಡಿದವರು ಪಕ್ಷ ಬದಲಿಸಿದಾಗ ತೆರವು ಮಾಡಲಿಲ್ಲ. ಕನ್ಸರ್ವೇಟಿವ್ ಎಂದು ಮತವಿತ್ತ ರೈತ, ಅದು ತನ್ನ ಮತವೇ ಎಂದು ಕೇಳಿದ್ದರೆ ತಪ್ಪೇನೂ ಇರಲಿಲ್ಲ. ಆ ರೈತನಿಗೆ ಉತ್ತರ ಹೇಳುವ ಅವಕಾಶ ಬಂದದ್ದು 2004ರ ಜೂನ್ 28ರಂದು. ಕ್ಷೇತ್ರ ಬ್ರೈಸನ್ನರನ್ನೇ ಆರಿಸಿತು. 2019ರಲ್ಲಿ ಅವರಾಗಿ ಬಿಡುವವರೆಗೂ ಆರಿಸುತ್ತಲೇ ಇತ್ತು. ಹಾರ್ಪರ್ 2006ರಿಂದ 2015ರವರೆಗೆ ಪ್ರಧಾನಿಯಾಗಿದ್ದರೆಂಬುದನ್ನು ನೆನೆದರೆ, ವಿಲೀನವೂ ತನ್ನ ಉದ್ದೇಶವನ್ನು ಸಾಧಿಸಿತೆನ್ನಬೇಕು.

ಗೆದ್ದವರು ಸರಿ, ಸೋತವರು ತಪ್ಪು ಎನ್ನುವುದು ಸುಲಭ. ಗ್ರಾಂಪ್ರೆಯ ಒಡ್ಡಿನ ಮೇಲೆ ನಿಂತವರಿಗೆ ಆ ಮಾತು ಬಾಯಿಗೆ ಬರುವುದಿಲ್ಲ. ಒಲ್ಲೆನೆಂದವರನ್ನು ಒಂದು ಕಾಲ ಇಲ್ಲಿಂದಲೇ ಹಡಗು ಹತ್ತಿಸಿತ್ತು. ಇನ್ನೊಂದು ಕಾಲದಲ್ಲಿ ಒಲ್ಲೆನೆಂದವನೊಬ್ಬ ಎದುರು ಸಾಲಿಗೆ ನಡೆದುಹೋದ, ಮತ್ತೊಬ್ಬ ಸುಮ್ಮನೆ ಮನೆಗೆ ಮರಳಿದ. ಇಬ್ಬರ ಲೆಕ್ಕವನ್ನೂ ಜನ ಮತಪೆಟ್ಟಿಗೆಯಲ್ಲೋ ನೆನಪಿನಲ್ಲೋ ಇತ್ಯರ್ಥ ಮಾಡಿದರು. ಆ ಎರಡು ಕಾಲಗಳ ನಡುವಣ ಅಂತರವೇನೂ ಸಣ್ಣದಲ್ಲ. ಸಂಜೆ ಹೊತ್ತಿಗೆ ನೀರು ಕೆಸರನ್ನೆಲ್ಲ ಮುಚ್ಚಿ ಒಡ್ಡಿನ ಬುಡಕ್ಕೆ ಬರುತ್ತದೆ. ಆಚೆ ಸಮುದ್ರ, ಈಚೆ ಹುಲ್ಲುಗಾವಲು. ನಡುವೆ ಮೂರು ಶತಮಾನಗಳ ಹಿಂದಿನ ರೈತರು ಕಟ್ಟಿ, ಅವರ ನೆಲಕ್ಕೆ ಬಂದವರು ದುರಸ್ತಿ ಮಾಡುತ್ತ ಬಂದಿರುವ ಮಣ್ಣಿನ ಗೋಡೆ.