ಅಮ್ಮ ಬಸ್ಸು ಹತ್ತಿದ್ದು

2014ರ ಯುಗಾದಿ ಕಳೆದು ಒಂದು ವಾರವಾಗಿತ್ತು. ಶಿವಮೊಗ್ಗದಿಂದ ನ್ಯೂಜೆರ್ಸಿಯ ನಮ್ಮ ಮನೆಗೆ ಬಂದು ಮೂರು ತಿಂಗಳಾಗಿದ್ದ ಅಮ್ಮ, ಬೆಳಗಿನ ಕಾಫಿ ಕುಡಿಯುತ್ತಾ "ನನ್ನನ್ನ ಊರಿಗೆ ಕಳಿಸಿಬಿಡೇ" ಅಂದಳು. ವಾಪಸ್ ಟಿಕೆಟ್ಟಿಗೆ ಇನ್ನೂ ಮೂರು ತಿಂಗಳಿತ್ತು.

ನನಗೆ ಸಿಟ್ಟೇ ಬಂತು. ಅವಳಿಗೆ ಒಂದು ಕೆಲಸ ಮಾಡಗೊಟ್ಟಿರಲಿಲ್ಲ. ಒಗ್ಗರಣೆ ಹಾಕಬೇಡ, ಸ್ಮೋಕ್ ಅಲಾರಂ ಕೂಗುತ್ತೆ. ಯಾರು ಬಂದರೂ ಬಾಗಿಲು ತೆಗೆಯಬೇಡ. ಒಬ್ಬಳೇ ಹೊರಗೆ ಹೋಗಬೇಡ, ಶನಿವಾರ ಕಾರಲ್ಲಿ ಕರಕೊಂಡು ಹೋಗ್ತೀನಿ. ಇಷ್ಟು ನೋಡಿಕೊಂಡರೂ! ಅಮ್ಮ ಹುಟ್ಟಿದ್ದು ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ 1947ರಲ್ಲೇ. ಅಪ್ಪ ಹೋದ ಮೇಲೆ ಬ್ಯಾಂಕು, ಲೈಟ್ ಬಿಲ್ಲು, ತೋಟದ ಲೆಕ್ಕ ಎಲ್ಲವನ್ನೂ ಒಬ್ಬಳೇ ನಿಭಾಯಿಸಿದವಳು. ಸಾಲದ್ದಕ್ಕೆ, ಹದಿನೇಳು ತುಂಬಿ ಆಗತಾನೇ ಲೈಸೆನ್ಸ್ ಪಡೆದ ಮಗಳದ್ದು ಕಾರಿನ ಕೀಗಾಗಿ ದಿನಾ ಜಗಳ. ಮನೆಯಲ್ಲಿ ಇಬ್ಬರು ಸ್ವಾತಂತ್ರ್ಯ ಹೋರಾಟಗಾರರು, ಬ್ರಿಟಿಷ್ ಸರ್ಕಾರ ನಾನೊಬ್ಬಳೇ!

ಏಪ್ರಿಲ್ 14ರ ಸಂಜೆ ಪಕ್ಕದ ಮನೆಯ ಯಹೂದಿ ಅಜ್ಜಿ ನಮ್ಮನ್ನು ಪಾಸ್‌ಓವರ್ ಹಬ್ಬದ ಊಟಕ್ಕೆ ಕರೆದರು. ಈಜಿಪ್ಟಿನಲ್ಲಿ ಗುಲಾಮರಾಗಿದ್ದ ಪೂರ್ವಿಕರನ್ನು ಮೋಶೆ ಬಿಡಿಸಿ ತಂದ ಕಥೆಯನ್ನು ಅವರು ವರ್ಷವರ್ಷವೂ ಊಟದ ಮೇಜಿನಲ್ಲೇ ಹೇಳುತ್ತಾರೆ. ಸ್ವಂತ ದೇಶವಿಲ್ಲದೆ ಚದುರಿಹೋಗಿದ್ದ ಶತಮಾನಗಳಲ್ಲೂ ಅದನ್ನು ಬಿಟ್ಟವರಲ್ಲ. ಇಸ್ರೇಲ್ ಸ್ಥಾಪನೆಯ ಘೋಷಣೆಯಾದದ್ದು 1948ರ ಮೇ 14ರಂದು. ಅಂದರೆ ಆ ದೇಶ ನಮ್ಮಮ್ಮನಿಗಿಂತ ಚಿಕ್ಕದು.

ಪ್ರಶ್ನೆ ಕೇಳಿ ಕಥೆ ಶುರುಮಾಡಿಸುವುದು ಮನೆಯ ಅತಿ ಕಿರಿಯ ಮಗು. ಹೊರಡುವ ಆತುರದಲ್ಲಿ ಹಿಟ್ಟು ಹುದುಗಲಿಲ್ಲವೆಂಬ ನೆನಪಿಗೆ ಮಾಟ್ಜಾ ಎಂಬ ಒಣ ರೊಟ್ಟಿ. "ಉಪ್ಪು ಹಾಕೋದು ಮರೆತ ಹಪ್ಪಳ" ಎಂದು ಅಮ್ಮ ನನ್ನ ಕಿವಿಯಲ್ಲಿ ಉಸುರಿದಳು. ಕಣ್ಣೀರಿನ ನೆನಪಿಗೆ ಉಪ್ಪುನೀರು. ಗುಲಾಮಗಿರಿಯ ಕಹಿಗೆ ಮೂಗಿಗೆ ಏರುವಂಥ ಒಂದು ಗೆಡ್ಡೆಯ ತುರಿ, ಅದರ ಜೊತೆಗೆ ಸೇಬು, ಆಕ್ರೋಟು ಬೆರೆಸಿದ ಸಿಹಿ. ಥೇಟ್ ಬೇವುಬೆಲ್ಲ! ಕುರ್ಚಿಗೆ ದಿಂಬು ಬೇರೆ ಇಟ್ಟಿದ್ದರು. ಎಡಕ್ಕೆ ಒರಗಿ ಕೂರುವುದು ಸ್ವತಂತ್ರರ ಲಕ್ಷಣವಂತೆ.

"ಬಿಡುಗಡೆ ಆದ್ಮೇಲೆ ಸುಖವಾಗಿದ್ರಾ ಕೇಳೇ" ಅಂದಳು ಅಮ್ಮ. ನಾನು ಇಂಗ್ಲಿಷಿಗೆ ತಿರುಗಿಸಿದೆ.

ಅಜ್ಜಿ ನಕ್ಕರು. ನಲವತ್ತು ವರ್ಷ ಮರುಭೂಮಿಯಲ್ಲಿ ಅಲೆದರಂತೆ, ದಾರಿಯುದ್ದಕ್ಕೂ ಗೊಣಗಿದರಂತೆ. ಈಜಿಪ್ಟಿನ ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೆನೆಸಿಕೊಂಡು ಅತ್ತದ್ದೂ ಅವರ ಧರ್ಮಗ್ರಂಥದಲ್ಲೇ ಇದೆಯಂತೆ.

"ಕೂತಲ್ಲಿಗೇ ಬರೋ ಊಟದ ರುಚಿ ಅಂಥದ್ದು" ಎಂದ ಅಮ್ಮ ನನ್ನತ್ತ ನೋಡಿದಳು. ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ.

ಕಾರಿನ ಕೀ ಜಗಳ ಗೋಡೆಯಾಚೆಗೂ ಕೇಳಿಸಿತ್ತೇನೋ, ಅಜ್ಜಿ ನನ್ನ ಮಗಳ ಬೆನ್ನು ತಟ್ಟಿ ಇನ್ನೊಂದು ಮಾತು ಹೇಳಿದರು. ತಂದೆಯಾದವನು ಮಗನಿಗೆ ಒಂದು ಕಸುಬು ಕಲಿಸಬೇಕು ಎನ್ನುತ್ತದೆ ತಾಲ್ಮುದ್; ಈಜನ್ನೂ ಕಲಿಸಬೇಕು ಎಂದವರೂ ಅದರಲ್ಲಿದ್ದಾರೆ. ಮುಳುಗುವಾಗ ಅಪ್ಪ ಪಕ್ಕದಲ್ಲಿರುತ್ತಾನೆಯೇ?

"ಅಮ್ಮನಿಗೆ ಬಸ್ಸು ಹತ್ತೋದು ಕಲಿಸು ಅಂತ ಬರೆದಿಲ್ವಂತಾ?" ಅಂದಳು ಅಮ್ಮ.

ಕಲಿಸಿದವಳು ನನ್ನ ಮಗಳು. ಚಿಲ್ಲರೆ ಎಣಿಸುವುದು, ಇಳಿಯುವ ಮೊದಲು ಹಗ್ಗ ಎಳೆಯುವುದು ಎಲ್ಲವನ್ನೂ ಎರಡು ದಿನ ಜೊತೆಗೆ ಹೋಗಿ ತೋರಿಸಿದಳು. ಶನಿವಾರ ಅಮ್ಮ ಒಬ್ಬಳೇ ಇಂಡಿಯನ್ ಸ್ಟೋರಿಗೆ ಹೊರಟಳು. ಹನ್ನೊಂದಕ್ಕೆ ಬರಬೇಕಾದವಳು ಹನ್ನೆರಡೂವರೆಯಾದರೂ ಇಲ್ಲ. ನಾನು ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಕೊನೆಗೆ ಬಂದಳು, ಕೈಯಲ್ಲಿ ಮೆಂತ್ಯ ಸೊಪ್ಪು.

"ದಾರಿ ತಪ್ಪಿತಾ?"

"ಇಲ್ವೇ, ಎರಡು ಸ್ಟಾಪ್ ಮುಂದೆ ಏನಿದೆ ನೋಡೋಣ ಅಂತ ಹೋದೆ."

ಟಿಕೆಟ್ಟಿನ ಮಾತನ್ನು ಆಮೇಲೆ ಅವಳು ಎತ್ತಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ ಒಗ್ಗರಣೆ ಹಾಕಿದಳು. ಅಲಾರಂ ಕೂಗಿತು. ನಾನು ಟವೆಲ್ ಬೀಸಿ ಹೊಗೆ ಓಡಿಸಿದೆ.